ಒತ್ತಲೆ, ಬೇಡವೆ?

ಕಳೆದ ಶ್ರಾವಣದ ಒಂದು ಸಂಜೆ. ಬೆಳಗಿನಿಂದ ಹಿಡಿದಿದ್ದ ಜಡಿಮಳೆ ಆಗತಾನೆ ಹೊಳವಾಗಿತ್ತು. ನೆರೆಮನೆಯ ರಾಯರು ನಮ್ಮ ಗೇಟಿನ ಬಳಿ ನಿಂತು, “ಬಿಡುವಾಗಿದ್ದೀರಾ? ಒಂದೈದು ನಿಮಿಷ ನಮ್ಮ ಮನೆಗೆ ಬಂದು ಹೋಗಬೇಕಲ್ಲ” ಎಂದರು. ಮುಖದಲ್ಲಿ ಸ್ವಲ್ಪ ಗಾಬರಿ ಇತ್ತು. ರಾಯರು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು; ಚೆಕ್ಕಿನ ಮೇಲಿನ ರುಜುವನ್ನು ಎರಡು ಸಲ ನೋಡದೆ ಯಾರಿಗೂ ಕಾಸು ಬಿಚ್ಚಿದವರಲ್ಲ. ಅಂಥವರಿಗೂ ಗಾಬರಿಯಾಗುವ ಸಂಗತಿ ಏನಿರಬಹುದೆಂದು ಯೋಚಿಸುತ್ತ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಸಂಗತಿ ಇಷ್ಟು. 1987ರಲ್ಲಿ ನಡೆದ ತಮ್ಮ ಮದುವೆಯನ್ನು ಅವರು ಆಗಿನ ಕಾಲದ ವೀಡಿಯೋ ಕ್ಯಾಸೆಟ್ಟಿನಲ್ಲಿ ತೆಗೆಸಿ ಇಟ್ಟಿದ್ದರು. ಅದನ್ನು ಮಗ ಈಗ ಡಿವಿಡಿ ತಟ್ಟೆಗೆ ಇಳಿಸಿ ಕಳುಹಿಸಿದ್ದ. ಮನೆಯ ಕಂಪ್ಯೂಟರಿನ ಬಾಯಿಗೆ ತಟ್ಟೆಯನ್ನು ಕೊಟ್ಟರೆ ಅದು ಗಿರ್ರನೆ ತಿರುಗಿತೇ ಹೊರತು ಚಿತ್ರ ಮೂಡಲಿಲ್ಲ. ಇಂದಿನ ವಿಂಡೋಸ್ ಕಂಪ್ಯೂಟರುಗಳು ತಾವಾಗಿ ಡಿವಿಡಿ ಚಿತ್ರವನ್ನು ತೋರಿಸುವುದಿಲ್ಲ. ಅದಕ್ಕೆ ಬೇರೊಂದು ತಂತ್ರಾಂಶ ಬೇಕು. “ವಿಎಲ್‌ಸಿ ಹಾಕಿಕೊಳ್ಳಿ ಅಪ್ಪ, ಕಿತ್ತಳೆ ಬಣ್ಣದ ಶಂಕುವಿನ ಗುರುತು ಇರುತ್ತೆ, ದುಡ್ಡು ಕೊಡಬೇಕಾಗಿಲ್ಲ” ಎಂದು ಮಗ ಫೋನಿನಲ್ಲಿ ಹೇಳಿದ. ರಾಯರು ಹುಡುಕಿದರು. ಮೊಟ್ಟಮೊದಲು ಕಂಡ ಕೊಂಡಿಯನ್ನು ಒತ್ತಿದರು. ಕಡತವೊಂದು ಇಳಿದು ಬಂದು ಕುಳಿತಿತು. ಅದರ ಮೇಲೆ ಶಂಕುವಿನ ಚಿತ್ರವೂ ಇತ್ತು.

“ಈಗ ಹೇಳಿ. ಇದನ್ನು ಒತ್ತಲೆ, ಬೇಡವೆ?”

ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಅದೇ ಯಂತ್ರದಲ್ಲಿ ರಾಯರ ಪಿಂಚಣಿಯ ಕಾಗದಗಳಿದ್ದವು, ಹತ್ತು ವರ್ಷದ ವರಮಾನ ತೆರಿಗೆಯ ಲೆಕ್ಕವಿತ್ತು, ಬ್ಯಾಂಕಿನ ವ್ಯವಹಾರವೆಲ್ಲ ಅಲ್ಲಿಂದಲೇ ನಡೆಯುತ್ತಿತ್ತು. ಮೊಮ್ಮಗಳು ಮೊದಲ ಸಲ ಅಂಬೆಗಾಲಿಟ್ಟ ಚಿತ್ರಗಳೂ ಅಲ್ಲಿಯೇ ಇದ್ದವು. ಇವುಗಳಿಗೆ ಬೇರೆಲ್ಲಿಯಾದರೂ ಪ್ರತಿ ಇದೆಯೇ ಎಂದು ಕೇಳಿದೆ. ರಾಯರು ತಲೆಯಾಡಿಸಿದರು, ಇಲ್ಲ. ವಾಚಕರಲ್ಲಿ ಅನೇಕರ ಮನೆಯ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಾರದು ಎಂದು ನನ್ನ ಊಹೆ.

ಓದುವ ಕಾಗದವಲ್ಲ, ನಡೆಸುವ ಆಜ್ಞೆ

ಕಂಪ್ಯೂಟರಿನಲ್ಲಿ ನಾವು ಇಡುವ ಕಡತಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ತಿಳಿಯಬಹುದು. ಪತ್ರ, ಚಿತ್ರ, ಹಾಡು ಮೊದಲಾದವು ಯಂತ್ರವು ನಮಗೆ ತೋರಿಸತಕ್ಕ ವಸ್ತುಗಳು. ಎರಡನೆಯ ಬಗೆಯದು ಹಾಗಲ್ಲ. ಅದು ಯಂತ್ರಕ್ಕೆ ಕೊಡುವ ಆಜ್ಞೆಗಳ ಸರಮಾಲೆ. ಅದನ್ನು ತೆರೆಯುವುದೆಂದರೆ ಓದುವುದಲ್ಲ, ‘ಇದರಲ್ಲಿ ಬರೆದಿರುವುದನ್ನೆಲ್ಲ ನನ್ನ ಹೆಸರಿನಲ್ಲಿ ಮಾಡು’ ಎಂದು ಒಪ್ಪಿಗೆ ಕೊಡುವುದು. ಇದನ್ನೇ ಕಾರ್ಯಕಾರಿ ಕಡತ ಎನ್ನುತ್ತಾರೆ. ವಿಂಡೋಸ್ ಯಂತ್ರಗಳಲ್ಲಿ ಇದರ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಇ-ಎಕ್ಸ್-ಇ ಎಂಬ ಮೂರಕ್ಷರವಿರುತ್ತದೆ. ಬ್ಯಾಂಕಿನ ರಾಯರಿಗೆ ನಾನು ಹೇಳಿದ್ದು ಇಷ್ಟೆ: “ಬಂದ ಕಾಗದವನ್ನು ಓದುವುದು ಬೇರೆ, ಖಾಲಿ ಛಾಪಾಕಾಗದಕ್ಕೆ ರುಜು ಹಾಕಿಕೊಡುವುದು ಬೇರೆ.” ಅವರು ಮೌಸಿನಿಂದ ಕೈ ತೆಗೆದರು.

ಇಂಥ ಕಡತದ ಒಡಲನ್ನು ಬಗೆದು ನೋಡಿದರೆ ಮೊಟ್ಟಮೊದಲು ಸಿಗುವುದು ಇಂಗ್ಲಿಷಿನ ಎಂ ಮತ್ತು ಝಡ್ ಎಂಬ ಎರಡಕ್ಷರಗಳು. ಡಾಸ್ ಕಾಲದಲ್ಲಿ ಈ ಕಡತದ ರೂಪವನ್ನು ಗೊತ್ತುಮಾಡಿದ ಮೈಕ್ರೋಸಾಫ್ಟಿನ ಎಂಜಿನಿಯರ್ ಮಾರ್ಕ್ ಝ್ಬಿಕೋವ್‌ಸ್ಕಿಯವರ ಹೆಸರಿನ ಮೊದಲಕ್ಷರಗಳವು. ಶಿಲ್ಪಿಯೊಬ್ಬ ಗುಡಿಯ ಮೂಲೆಯ ಕಲ್ಲಿನಲ್ಲಿ ತನ್ನ ಹೆಸರು ಕೊರೆದಂತೆ, ಲೋಕದ ಕೋಟ್ಯಂತರ ಯಂತ್ರಗಳ ಪ್ರತಿಯೊಂದು ಇ-ಎಕ್ಸ್-ಇ ಕಡತವೂ ಇಂದಿಗೂ ಆತನ ಅಂಕಿತವನ್ನು ಹೊತ್ತು ನಡೆಯುತ್ತಿದೆ. ಸಜ್ಜನ ಕಡತಕ್ಕೂ ಅದೇ ಅಂಕಿತ, ದುರ್ಜನ ಕಡತಕ್ಕೂ ಅದೇ. ಆದುದರಿಂದ ಅದು ಇದೆಯೆಂದರೆ ಕಡತ ಯಾವ ಜಾತಿಯದೆಂದು ತಿಳಿಯುತ್ತದೆಯೇ ಹೊರತು ಗುಣ ತಿಳಿಯುವುದಿಲ್ಲ.

ಜಾತಿಯನ್ನಾದರೂ ಕಣ್ಣಿನಿಂದ ತಿಳಿಯಬಹುದೆ? ಅದೂ ಅಷ್ಟು ಸುಲಭವಲ್ಲ. ವಿಂಡೋಸ್ ಯಂತ್ರವು, ಯಾವ ಸದುದ್ದೇಶದಿಂದಲೋ, ಕಡತದ ಹೆಸರಿನ ಬಾಲವನ್ನು ಸಾಮಾನ್ಯವಾಗಿ ಮರೆಮಾಡಿಯೇ ಇಟ್ಟಿರುತ್ತದೆ. ‘ರಸೀದಿ ಚುಕ್ಕೆ ಪಿಡಿಎಫ್ ಚುಕ್ಕೆ ಇ-ಎಕ್ಸ್-ಇ’ ಎಂದು ಹೆಸರಿಟ್ಟರೆ ಕೊನೆಯ ಬಾಲ ಕಾಣದೆ, ನಿರುಪದ್ರವಿಯಾದ ಪಿಡಿಎಫ್ ಕಾಗದದಂತೆ ತೋರುತ್ತದೆ. ಮೇಲಿನ ಚಿತ್ರವಂತೂ ಯಾರು ಬೇಕಾದರೂ ಅಂಟಿಸಬಹುದಾದ ಬೇಗಡೆ. ಈ ಒಂದು ಮರೆಯಿಂದ ಜಗತ್ತು ತೆತ್ತ ದಂಡ ಸಾಮಾನ್ಯವಲ್ಲ. 2000ದ ಮೇ 4ರಂದು ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ತಲೆಬರಹದ ಮಿಂಚಂಚೆ ಲೋಕವನ್ನೆಲ್ಲ ಸುತ್ತಿತು. ಜೊತೆಗಿದ್ದ ಪ್ರೇಮಪತ್ರದ ಹೆಸರಿಗೆ ಟಿ-ಎಕ್ಸ್-ಟಿ ಎಂಬ ಸಾಧುವಾದ ಬಾಲ; ಅದರ ಹಿಂದೆ ಕಣ್ಣಿಗೆ ಬೀಳದ ಇನ್ನೊಂದು ಬಾಲ, ವಿ-ಬಿ-ಎಸ್ ಎಂದು. ಅದು ಆಜ್ಞೆಗಳ ಕಡತ. ತೆರೆದವರ ಚಿತ್ರಗಳ ಮೇಲೆಲ್ಲ ತನ್ನನ್ನೇ ಬರೆದುಕೊಂಡು ಅವನ್ನು ಅಳಿಸಿಹಾಕಿ, ಅವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪ್ರೇಮಪತ್ರವನ್ನು ಕಳುಹಿಸಿತು. ಬ್ರಿಟಿಷ್ ಪಾರ್ಲಿಮೆಂಟೂ ಅಮೆರಿಕದ ಪೆಂಟಗನ್ನೂ ತಮ್ಮ ಅಂಚೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಬರೆದವನು ಫಿಲಿಪ್ಪೀನ್ಸಿನ ಒಬ್ಬ ವಿದ್ಯಾರ್ಥಿ. ಆ ದೇಶದಲ್ಲಿ ಇಂಥ ಅಪರಾಧಕ್ಕೆ ಆಗ ಕಾನೂನೇ ಇರಲಿಲ್ಲವಾಗಿ ಆತ ಶಿಕ್ಷೆಯಿಲ್ಲದೆ ಪಾರಾದ. ಲೋಕದ ಇಷ್ಟೊಂದು ದೊಡ್ಡ ಮನುಷ್ಯರು ಒಂದೇ ದಿನ ಪ್ರೇಮಪತ್ರಕ್ಕಾಗಿ ಹಾತೊರೆದರೆಂಬುದು ಪ್ರತ್ಯೇಕ ಲೇಖನಕ್ಕೆ ವಸ್ತು!

ಇನ್ನೂ ಸೂಕ್ಷ್ಮವಾದ ಮೋಸವೊಂದುಂಟು. ಅರಬ್ಬಿ, ಉರ್ದು ಮೊದಲಾದ ಲಿಪಿಗಳು ಬಲದಿಂದ ಎಡಕ್ಕೆ ಸಾಗುತ್ತವೆಯಷ್ಟೆ. ಅವುಗಳಿಗಾಗಿ ಯಂತ್ರದಲ್ಲಿ ‘ಇಲ್ಲಿಂದ ಮುಂದೆ ತಿರುಗಿಸಿ ಬರೆ’ ಎಂಬ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ. ಅದನ್ನು ಹೆಸರಿನ ನಡುವೆ ತುರುಕಿದರೆ ಇ-ಎಕ್ಸ್-ಇ ಎಂಬ ಬಾಲ ಹೆಸರಿನ ಹೊಟ್ಟೆಯೊಳಕ್ಕೆ ಸರಿದು, ಕೊನೆಗೆ ಪಿಡಿಎಫ್ ಎಂದೇ ಕಾಣುತ್ತದೆ. ಎರಡೂ ಮೋಸಗಳಿಗೆ ಮದ್ದು ಒಂದೇ: ಕಡತಗಳ ಕಿಟಕಿಯಲ್ಲಿ ‘ವ್ಯೂ’ ಎಂಬಲ್ಲಿ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ಗುರುತು ಹಾಕಿಡುವುದು, ಜೊತೆಗೆ ‘ಟೈಪ್’ ಎಂಬ ಅಂಕಣವನ್ನೂ ಓದುವುದು. ಅಲ್ಲಿ ‘ಅಪ್ಲಿಕೇಷನ್’ ಎಂದು ಬರೆದಿದ್ದರೆ, ಹೆಸರು ಏನೇ ಹೇಳಲಿ, ಅದು ಆಜ್ಞೆಯ ಕಡತ. ಫೋನಿನ ಲೋಕದಲ್ಲಿ ಇದರ ದಾಯಾದಿಯ ಬಾಲ ಎ-ಪಿ-ಕೆ. ಮದುವೆಯ ಕರೆಯೋಲೆಯೆಂಬ ಹೆಸರಿನಲ್ಲಿ ವಾಟ್ಸಾಪಿನ ಮೂಲಕ ಇಂಥ ಕಡತಗಳು ಬರುತ್ತಿವೆಯೆಂದು 2024ರಲ್ಲಿ ನಮ್ಮ ದೇಶದ ಪೊಲೀಸರು ಎಚ್ಚರಿಸಿದ್ದರು. ಕರೆಯೋಲೆಗೆ ಕಾಗದವೋ ಚಿತ್ರವೋ ಸಾಕು. ಅದನ್ನು ‘ಸ್ಥಾಪಿಸಿ’ಕೊಳ್ಳಬೇಕಾದ ಅಗತ್ಯವೇನು?

ಎಲ್ಲಿಂದ ಬಂತು?

“ಹೆಸರೂ ಸರಿಯಾಗಿದೆ, ಬಾಲವೂ ಇ-ಎಕ್ಸ್-ಇ ಎಂದೇ ಇದೆ. ಇದೇನೂ ಮುಚ್ಚುಮರೆ ಮಾಡುತ್ತಿಲ್ಲವಲ್ಲ?” ಎಂದರು ರಾಯರು. ನಿಜ. ತಂತ್ರಾಂಶವೆಂದು ಹೇಳಿಕೊಂಡೇ ಬಂದ ಕಡತ ಅದು. ಹಾಗಿದ್ದಮೇಲೆ ಕೇಳಬೇಕಾದ ಪ್ರಶ್ನೆ ಬೇರೆ. ಹೆಣ್ಣು ತರುವಾಗ, ಗಂಡು ನೋಡುವಾಗ ನಮ್ಮ ಹಿರಿಯರು ಕೇಳುತ್ತಿದ್ದ ಪ್ರಶ್ನೆಯೇ: ಯಾರ ಪೈಕಿ, ಎಲ್ಲಿಂದ ಬಂದದ್ದು?

ವಿಎಲ್‌ಸಿಯ ಮನೆತನ ದೊಡ್ಡದು. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ವಿದ್ಯಾಲಯದ ಹುಡುಗರು ತಮ್ಮ ವಸತಿಗೃಹದ ಜಾಲದಲ್ಲಿ ಚಲಚ್ಚಿತ್ರ ನೋಡಲೆಂದು ಕಟ್ಟಿದ ಯೋಜನೆಯಲ್ಲಿ ಇದರ ಮೂಲವಿದೆ. ಅದೇ ಹುಡುಗರು ರಸ್ತೆಯ ದುರಸ್ತಿಯಲ್ಲಿ ಇಡುವ ಶಂಕುಗಳನ್ನು ತಂದು ಕೂಡಿಹಾಕುತ್ತಿದ್ದರಂತೆ. ಗುರುತಿಗೆ ಅದೇ ಬಂತು. 2001ರಿಂದ ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದಾದಂತೆ ಬಿಡುಗಡೆ ಮಾಡಲಾಯಿತು. ಇಂದಿಗೂ ಅದು ಉಚಿತ. ಸ್ವಂತ ಮನೆ ಒಂದೇ: ವೀಡಿಯೋಲ್ಯಾನ್ ಡಾಟ್ ಆರ್ಗ್ ಎಂಬ ಜಾಲತಾಣ.

ಆದರೆ 2022ರಲ್ಲಿ ಒಂದು ವಿಚಿತ್ರ ನಡೆಯಿತು. ಆ ವರ್ಷದ ಮೊದಲ ತಿಂಗಳುಗಳಿಂದ ನವೆಂಬರಿನವರೆಗೆ ಈ ಜಾಲತಾಣ ಭಾರತದ ಬಹುಪಾಲು ಮನೆಗಳಿಗೆ ತೆರೆಯಲೇ ಇಲ್ಲ. ಸರಕಾರ ಅದನ್ನು ತಡೆಹಿಡಿದಿತ್ತು. ತಂಡದವರು ವಕೀಲರ ಮೂಲಕ ನೋಟೀಸು ಕೊಟ್ಟ ಬಳಿಕ ತಡೆ ತೆರವಾಯಿತು. ತಡೆಯ ಉದ್ದೇಶ ಏನೇ ಇರಲಿ, ಪರಿಣಾಮವನ್ನು ಮಾತ್ರ ವಾಚಕರು ಊಹಿಸಬಹುದು. ಮುಂಬಾಗಿಲು ಮುಚ್ಚಿದ್ದರಿಂದ, ತಂತ್ರಾಂಶ ಬೇಕಾದವರು ದಾರಿಬದಿಯ ಅಂಗಡಿಗಳಿಗೆ ಹೋಗುವಂತಾಯಿತು. ಸುರಕ್ಷತೆಯ ಹೆಸರಿನಲ್ಲಿ ಜನರಿಗೆ ಕಲಿಸಬಾರದ ಅಭ್ಯಾಸವನ್ನು ಕಲಿಸಿದಂತಾಯಿತೆಂದು ನನ್ನ ಸ್ವಂತ ಅಭಿಪ್ರಾಯ.

ದಾರಿಬದಿಯ ಅಂಗಡಿಗಳು ಹೇಗಿರುತ್ತವೆಂಬುದಕ್ಕೂ ಸಾಕ್ಷ್ಯವಿದೆ. 2022ರ ಕೊನೆ ಮತ್ತು 2023ರ ಜನವರಿಯಲ್ಲಿ ವಿಎಲ್‌ಸಿ, ಸೆವೆನ್-ಜಿಪ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮೊದಲಾದ ಉಚಿತ ತಂತ್ರಾಂಶಗಳ ಹೆಸರು ಹಾಕಿ ಹುಡುಕಿದವರಿಗೆ, ಫಲಿತಾಂಶಗಳ ನೆತ್ತಿಯ ಮೇಲೆ ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು ಕಾಣುತ್ತಿದ್ದವು. ಒತ್ತಿದರೆ ಅಸಲಿ ಮನೆಯಂತೆಯೇ ಬಣ್ಣ ಬಳಿದ ನಕಲಿ ಮನೆ. ಅಲ್ಲಿಂದ ಬರುವ ಕಡತ ಪಾಸ್‌ವರ್ಡುಗಳನ್ನು ಕದಿಯುವ ಕಳ್ಳ. ರಾಯರು ಮೊಟ್ಟಮೊದಲ ಕೊಂಡಿಯನ್ನು ಒತ್ತಿದ್ದರೆಂಬುದು ನೆನಪಿಗೆ ಬಂದು ನನ್ನ ಮನಸ್ಸು ಅಳುಕಿತು. ಅದೇ ಶೋಧವನ್ನು ಮತ್ತೊಮ್ಮೆ ಮಾಡಿಸಿ ನೋಡಿದೆ. ಮೇಲಿದ್ದುದು ‘ಪ್ರಾಯೋಜಿತ’ವೆಂದು ಸಣ್ಣಕ್ಷರದಲ್ಲಿ ಬರೆದ ಕೊಂಡಿ, ವಿಳಾಸದಲ್ಲಿ ವಿಎಲ್‌ಸಿ ಎಂಬ ಅಕ್ಷರಗಳೇನೋ ಇದ್ದವು, ವೀಡಿಯೋಲ್ಯಾನ್ ಎಂಬುದಿರಲಿಲ್ಲ.

ಕಡತದ ತೂಕವನ್ನೂ ನೋಡಿದೆವು. ವಿಂಡೋಸಿಗೆ ಬರುವ ಅಸಲಿ ಕಡತ ಸುಮಾರು 40 ಮೆಗಾಬೈಟಿಗಿಂತ ಮೇಲ್ಪಟ್ಟದ್ದು. ಇದು 3 ಕೂಡ ಇರಲಿಲ್ಲ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿಯೆನ್ನಲಾಗದು. ವೈರಸ್ ನಿರೋಧಕಗಳು ದೊಡ್ಡ ಕಡತಗಳನ್ನು ಪೂರ್ತಿ ನೋಡದೆ ಬಿಡುವುದುಂಟೆಂದು ತಿಳಿದ ಕಳ್ಳರು ಸೊನ್ನೆಗಳನ್ನು ತುಂಬಿ ನೂರಾರು ಮೆಗಾಬೈಟಿಗೆ ಉಬ್ಬಿಸುವ ಉಪಾಯವನ್ನೂ ಬಲ್ಲರು. ತೂಕ ತಪ್ಪಿದ್ದರೆ ಮಾತ್ರ ಖಂಡಿತವಾಗಿ ಅನುಮಾನಿಸಬಹುದು.

ರುಜುವಿನ ಪರೀಕ್ಷೆ

“ಇದಕ್ಕೆ ರುಜು ಏನಾದರೂ ಇರುತ್ತದೆಯೆ?” ಎಂದು ರಾಯರು ಕೇಳಿದರು. ಬ್ಯಾಂಕಿನವರ ಬಾಯಿಂದ ಬರಬೇಕಾದ ಪ್ರಶ್ನೆಯೇ ಸರಿ. ಇರುತ್ತದೆ. ತಂತ್ರಾಂಶ ತಯಾರಿಸುವ ಜವಾಬ್ದಾರಿಯುತ ಸಂಸ್ಥೆಗಳು ಕಡತಕ್ಕೆ ಗಣಿತದ ರುಜು ಹಾಕುತ್ತವೆ. ರುಜು ಹಾಕುವ ಗುಟ್ಟಿನ ಕೀಲಿ ಸಂಸ್ಥೆಯ ಬಳಿ. ಅದನ್ನು ತಾಳೆನೋಡುವ ಬಹಿರಂಗ ಕೀಲಿ ಎಲ್ಲರ ಬಳಿ. ಈ ಕೀಲಿ ಇಂಥವರದೇ ಎಂದು ಮೂರನೆಯ ಪ್ರಾಧಿಕಾರವೊಂದು ಪ್ರಮಾಣಪತ್ರ ಕೊಟ್ಟಿರುತ್ತದೆ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಮಾದರಿ ರುಜು ಪಡೆದು, ಪರಿಚಿತರೊಬ್ಬರ ಸಾಕ್ಷಿ ಕೇಳುತ್ತಿದ್ದರಲ್ಲ, ಹೆಚ್ಚುಕಡಮೆ ಹಾಗೆಯೇ. ವ್ಯತ್ಯಾಸವೆಂದರೆ, ರುಜು ಹಾಕಿದ ಬಳಿಕ ಕಡತದ ಒಂದೇ ಒಂದು ಅಕ್ಷರ ತಿದ್ದಿದರೂ ಇಲ್ಲಿಯ ರುಜು ಕೆಡುತ್ತದೆ.

ನೋಡುವ ಕ್ರಮ ಕಷ್ಟವಲ್ಲ. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ಎಂಬುದನ್ನು ತೆರೆದರೆ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಹಾಳೆ ಕಾಣಬೇಕು. ಅಲ್ಲಿಯ ಹೆಸರನ್ನು ಆರಿಸಿ ‘ಡಿಟೇಲ್ಸ್’ ಒತ್ತಿದರೆ ರುಜು ಸರಿಯಿದೆಯೇ ಎಂದು ಯಂತ್ರವೇ ಹೇಳುತ್ತದೆ. ಅಸಲಿ ವಿಎಲ್‌ಸಿಯಾದರೆ ರುಜು ವೀಡಿಯೋಲ್ಯಾನ್ ಹೆಸರಿನಲ್ಲಿರಬೇಕು. ರಾಯರ ಕಡತದಲ್ಲಿ ಆ ಹಾಳೆಯೇ ಇರಲಿಲ್ಲ.

ರುಜುವಿಲ್ಲದ ಕಡತಗಳೆಲ್ಲ ದುಷ್ಟವೆಂದಲ್ಲ. ಪ್ರಮಾಣಪತ್ರಕ್ಕೆ ಪ್ರತಿವರ್ಷ ಹಣ ತೆರಬೇಕಾದುದರಿಂದ ಎಷ್ಟೋ ಒಳ್ಳೆಯ ಹವ್ಯಾಸಿಗಳು ರುಜುವಿಲ್ಲದೆಯೇ ಹಂಚುತ್ತಾರೆ. ಆದರೆ ರುಜು ಹಾಕುವ ಪದ್ಧತಿಯಿರುವ ಮನೆಯಿಂದ ರುಜುವಿಲ್ಲದ ಕಾಗದ ಬಂದರೆ ಏನರ್ಥ? ರಾಯರಿಗೆ ವಿವರಿಸಬೇಕಾಗಲಿಲ್ಲ.

ಆಗ ಒಳಗಿನಿಂದ ಕಾಫಿಯ ತಟ್ಟೆ ಹಿಡಿದು ಬಂದ ಅವರ ಶ್ರೀಮತಿಯವರು, “ಬೆಳಿಗ್ಗೆಯೇ ಒಂದು ಸಲ ಒತ್ತಿದ್ದಾರೆ, ಅದನ್ನು ಹೇಳಿದರೋ ಇಲ್ಲವೋ?” ಎಂದರು.

ರಾಯರು ಕಿಟಕಿಯ ಕಡೆ ನೋಡಿದರು.

ಗಾಬರಿಯ ಕಾರಣ ಈಗ ಹೊಳೆಯಿತು. ನಿಧಾನವಾಗಿ ವಿಚಾರಿಸಿದೆ. ಒತ್ತಿದಾಗ ನೀಲಿ ಬಣ್ಣದ ಚೌಕವೊಂದು ಮೂಡಿ, ವಿಂಡೋಸ್ ನಿಮ್ಮ ಯಂತ್ರವನ್ನು ಕಾಪಾಡಿದೆ ಎಂದೇನೋ ಇಂಗ್ಲಿಷಿನಲ್ಲಿ ಹೇಳಿತಂತೆ. ಕೆಳಗೆ ಒಂದೇ ಗುಂಡಿ ಇತ್ತಂತೆ. ಯಂತ್ರ ಕೆಟ್ಟಿತೆಂದು ಭಾವಿಸಿ ಅದನ್ನೇ ಒತ್ತಿದರಂತೆ. ಚೌಕ ಮಾಯವಾಯಿತು. ನನಗೆ ಸ್ವಲ್ಪ ಉಸಿರು ಬಂತು. ಅದು ಸ್ಮಾರ್ಟ್‌ಸ್ಕ್ರೀನ್ ಎಂಬ ಕಾವಲುಗಾರ. ಜಾಲದಿಂದ ಇಳಿದ ಕಡತಕ್ಕೆ ‘ಹೊರಗಿನಿಂದ ಬಂದದ್ದು’ ಎಂಬ ಅದೃಶ್ಯ ಮುದ್ರೆಯನ್ನು ಯಂತ್ರ ಒತ್ತಿರುತ್ತದೆ. ಆ ಮುದ್ರೆಯಿರುವ ಕಡತವನ್ನು ತೆರೆಯಹೋದಾಗ, ಅದು ಲೋಕಪರಿಚಿತವೇ, ರುಜುದಾರ ಯಾರು ಎಂದು ಸ್ಮಾರ್ಟ್‌ಸ್ಕ್ರೀನ್ ವಿಚಾರಿಸಿ, ಅಪರಿಚಿತವಾದರೆ ತಡೆಯುತ್ತದೆ. ಮೊದಲು ಕಾಣುವುದು ‘ನಡೆಸಬೇಡ’ ಎಂಬ ಒಂದೇ ಗುಂಡಿ. ‘ಆದರೂ ನಡೆಸು’ ಎಂಬುದು ‘ಮೋರ್ ಇನ್ಫೋ’ ಎಂಬ ಸಣ್ಣಕ್ಷರವನ್ನು ಒತ್ತಿದ ಮೇಲೆಯೇ ಕಾಣತಕ್ಕದ್ದು. ರಾಯರು ಆ ಸಣ್ಣಕ್ಷರವನ್ನು ಒತ್ತಿದರೋ ಇಲ್ಲವೋ?

“ಒತ್ತಲಿಲ್ಲವೆಂದೇ ನೆನಪು,” ಎಂದರು. ‘ಎಂದೇ ನೆನಪು’ ಎಂಬ ಮಾತು ನನಗೆ ಸಾಲದಾಯಿತು. ಜಾಲದ ತಂತಿಯನ್ನು ಕಿತ್ತುಬಿಟ್ಟೆ.

ಬೆರಳಚ್ಚು ಮತ್ತು ಎಪ್ಪತ್ತು ವೈದ್ಯರು

ಕಡತವನ್ನು ನಡೆಸದೆಯೇ ಅದರ ಗುರುತು ಹಿಡಿಯುವ ಇನ್ನೊಂದು ವಿಧಾನವಿದೆ. ಎಷ್ಟೇ ದೊಡ್ಡ ಕಡತವಿರಲಿ, ಅದನ್ನು ಗಣಿತದ ಒರಳಿನಲ್ಲಿ ಹಾಕಿ ರುಬ್ಬಿದರೆ ಕೊನೆಗೆ 64 ಅಕ್ಷರಾಂಕೆಗಳ ಒಂದು ಸಾಲು ಬರುವಂತೆ ಮಾಡಬಹುದು. ಇದಕ್ಕೆ ಶಾ-256 ಎಂದು ಹೆಸರು. ಒಂದೇ ಕಡತಕ್ಕೆ ಎಲ್ಲಿ ರುಬ್ಬಿದರೂ ಅದೇ ಸಾಲು. ಒಂದು ಚುಕ್ಕೆ ಬದಲಾದರೂ ಬೇರೆಯೇ ಸಾಲು. ಸಾಧ್ಯವಿರುವ ಸಾಲುಗಳ ಸಂಖ್ಯೆಯನ್ನು ಬರೆಯಲು 78 ಅಂಕೆಗಳು ಬೇಕು. ಎರಡು ಕಡತಗಳಿಗೆ ಒಂದೇ ಸಾಲು ಬಂದ ನಿದರ್ಶನ ಈವರೆಗೆ ಸಿಕ್ಕಿಲ್ಲ. ವಿಂಡೋಸಿನ ಪವರ್‌ಶೆಲ್ ಎಂಬ ಕಿಟಕಿಯಲ್ಲಿ ಗೆಟ್-ಫೈಲ್‌ಹ್ಯಾಶ್ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದು, ಮುಂದೆ ಕಡತದ ಹೆಸರನ್ನು ಕೊಟ್ಟರೆ ಈ ಬೆರಳಚ್ಚು ದೊರೆಯುತ್ತದೆ. ತಯಾರಕರು ತಮ್ಮ ತಾಣದಲ್ಲಿ ಪ್ರಕಟಿಸಿದ ಸಾಲಿನೊಡನೆ ಅದನ್ನು ಒಪ್ಪವಿಟ್ಟು ನೋಡಬೇಕು.

ನನ್ನ ಫೋನಿನಲ್ಲಿ ವೀಡಿಯೋಲ್ಯಾನಿನ ಪುಟ ತೆರೆದು ರಾಯರ ಕೈಗೆ ಕೊಟ್ಟೆ. ನೋಟುಗಳ ಸಂಖ್ಯೆ ಓದಿದ ಅಭ್ಯಾಸದ ಮೇಲೆ ಅವರು ಒಂದೊಂದೇ ಅಕ್ಷರ ಓದತೊಡಗಿದರು. ಮೊದಲನೆಯ ಅಕ್ಷರವೇ ತಪ್ಪಿತು. “ಮುಂದೆ ಓದಲೆ?” ಎಂದರು. ಬೇಕಾಗಿರಲಿಲ್ಲ.

ಬೆರಳಚ್ಚಿಗೂ ಒಂದು ದೌರ್ಬಲ್ಯವಿದೆ. ಕಡತವನ್ನೂ ಬೆರಳಚ್ಚನ್ನೂ ಒಂದೇ ನಕಲಿ ಮನೆಯಿಂದ ಪಡೆದರೆ ಎರಡೂ ಒಂದಕ್ಕೊಂದು ಚೆನ್ನಾಗಿಯೇ ಹೊಂದುತ್ತವೆ. ಕಳ್ಳನ ಬಗ್ಗೆ ಕಳ್ಳನನ್ನೇ ಸಾಕ್ಷಿ ಕೇಳಿದಂತೆ. ಅಸಲಿ ಮನೆಗೇ ಕನ್ನ ಬಿದ್ದರೂ ಕಷ್ಟವೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ಪ್ರಸಿದ್ಧ ವ್ಯವಸ್ಥೆಯ ಸ್ವಂತ ತಾಣದೊಳಕ್ಕೆ ಯಾರೋ ನುಗ್ಗಿ, ಕೊಂಡಿಗಳನ್ನು ಕಳ್ಳಬಾಗಿಲಿಟ್ಟ ಪ್ರತಿಯ ಕಡೆಗೆ ತಿರುಗಿಸಿಬಿಟ್ಟಿದ್ದರು. ಎಂಡಿ5 ಎಂಬ ಹಳೆಯ ಬೆರಳಚ್ಚಂತೂ 2004ರಲ್ಲೇ ಚೀನಾದ ವಿದುಷಿ ವಾಂಗ್ ಶಿಯಾವ್‌ಯುನ್ ಮತ್ತು ಅವರ ತಂಡದಿಂದ ಮುರಿಯಲ್ಪಟ್ಟಿತು. ಅದನ್ನೇ ಕೊಡುವ ತಾಣಗಳು ಇನ್ನೂ ಇವೆ, ನೆಚ್ಚುವಂತಿಲ್ಲ.

ಇದೇ 64 ಅಕ್ಷರಗಳಿಂದ ಇನ್ನೊಂದು ಉಪಯೋಗವುಂಟು. ವೈರಸ್‌ಟೋಟಲ್ ಎಂಬ ತಾಣವೊಂದಿದೆ. 2004ರಲ್ಲಿ ಸ್ಪೇನಿನ ಮಾಲಗಾ ನಗರದಲ್ಲಿ ಹುಟ್ಟಿ, 2012ರಲ್ಲಿ ಗೂಗಲ್ಲಿನ ವಶವಾದದ್ದು. ಅಲ್ಲಿಗೆ ಕಡತವನ್ನೊಪ್ಪಿಸಿದರೆ ಸುಮಾರು 70 ವೈರಸ್ ನಿರೋಧಕಗಳು ಏಕಕಾಲದಲ್ಲಿ ನಾಡಿ ನೋಡಿ ಅಭಿಪ್ರಾಯ ಹೇಳುತ್ತವೆ. ಒಪ್ಪಿಸಿದ ಕಡತ ಅಲ್ಲಿ ಬಹುಮಂದಿಯ ಕೈಗೆ ಹೋಗುವುದರಿಂದ ಸ್ವಂತ ಕಾಗದಪತ್ರಗಳನ್ನು ಎಂದಿಗೂ ಕೊಡಬಾರದು. ತಂತ್ರಾಂಶವಾದರೆ ಕೇವಲ ಬೆರಳಚ್ಚನ್ನು ಟೈಪು ಮಾಡಿ, ಇದನ್ನು ಯಾರಾದರೂ ಹಿಂದೆ ತೋರಿಸಿದ್ದಾರೆಯೇ ಎಂದು ಕೇಳಬಹುದು. ನನ್ನ ಫೋನಿನಿಂದ ಹಾಗೆಯೇ ಕೇಳಿದೆವು. ಮೂವತ್ತೊಂದು ನಿರೋಧಕಗಳು ಕೆಂಪು ತೋರಿಸಿದವು. ಶ್ರೀಮತಿಯವರು “ಉಳಿದ ನಲವತ್ತಕ್ಕೆ ಕಣ್ಣಿಲ್ಲವೆ?” ಎಂದು ಕೇಳಿದ ಪ್ರಶ್ನೆ ಬಹಳ ಯೋಗ್ಯವಾದದ್ದು.

ಕಣ್ಣಿಲ್ಲದೆ ಅಲ್ಲ. ಇವು ಬಹುಮಟ್ಟಿಗೆ ಹಳೆಯ ಕಳ್ಳರ ಚಹರೆಯನ್ನು ಆಧರಿಸಿ ಹೇಳುವಂಥವು. ನಿನ್ನೆ ರಾತ್ರಿ ಹುಟ್ಟಿದ ಕಳ್ಳನನ್ನು ಎಪ್ಪತ್ತೂ ಒಟ್ಟಾಗಿ ಸಜ್ಜನನೆಂದುಬಿಡಬಹುದು. ಒಂದೆರಡು ಅಪರಿಚಿತ ನಿರೋಧಕಗಳು ಮಾತ್ರ ಕೆಂಪು ತೋರಿಸಿದರೆ ಅದು ಸುಳ್ಳು ಕೂಗಾಗಿರುವ ಸಂಭವವೂ ಉಂಟು. ಎಂದೂ ತಪ್ಪದ ಪರೀಕ್ಷಕನನ್ನು ಕಟ್ಟಲಾಗದೆ? ಆಗದೆಂದು 1984ರಲ್ಲಿ ಅಮೆರಿಕದ ಫ್ರೆಡ್ ಕೋಹನ್ ತರ್ಕದಿಂದಲೇ ತೋರಿಸಿದರು. ಕಂಪ್ಯೂಟರ್ ವೈರಸ್ ಎಂಬ ವಿಷಯವನ್ನು ಮೊದಲು ಶಾಸ್ತ್ರೀಯವಾಗಿ ವಿವೇಚಿಸಿದವರು ಅವರೇ. ವೈರಸ್ ಎಂಬ ಹೆಸರನ್ನು ಸೂಚಿಸಿದವರು ಅವರ ಗುರು ಲಿಯೊನಾರ್ಡ್ ಆಡಲ್‌ಮನ್. ವಾದದ ತಿರುಳು ಸರಳ. ಒಬ್ಬ ಜೋಯಿಸರು ಎಂದೂ ತಪ್ಪುವುದಿಲ್ಲವೆಂದು ಇಟ್ಟುಕೊಳ್ಳಿ. ತುಂಟ ಹುಡುಗನೊಬ್ಬ ಅವರ ಬಳಿಗೇ ಬಂದು, “ನಾನು ಈಗ ಎಡಕ್ಕೆ ಹೋಗುತ್ತೇನೋ ಬಲಕ್ಕೋ?” ಎಂದು ಕೇಳುತ್ತಾನೆ. ಅವರು ಎಡವೆಂದರೆ ಬಲಕ್ಕೆ, ಬಲವೆಂದರೆ ಎಡಕ್ಕೆ ಹೋಗುತ್ತಾನೆ. ಜೋಯಿಸರ ಪಾಡೇನು? ಹಾಗೆಯೇ ಪರೀಕ್ಷಕನನ್ನೇ ಒಳಗಿಟ್ಟುಕೊಂಡು, ಅವನು ‘ದುಷ್ಟ’ವೆಂದರೆ ಸುಮ್ಮನಿದ್ದು ‘ಸಾಧು’ವೆಂದರೆ ಹರಡುವ ಕಡತವನ್ನು ಕಲ್ಪಿಸಬಹುದು. ಹೀಗಾಗಿ ಪೂರ್ಣ ಸುರಕ್ಷಿತವೆಂಬ ಅಭಯವನ್ನು ಯಾವ ತಂತ್ರಾಂಶವೂ ಕೊಡಲಾರದು. ಕೊಡುತ್ತೇನೆಂದು ಮಾರುವವರು ಮಾರುವುದಕ್ಕಾಗಿ ಹೇಳುತ್ತಾರೆ.

ರುಜುವೂ ಅಷ್ಟೆ. 2010ರಲ್ಲಿ ಬೆಳಕಿಗೆ ಬಂದ, ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳನ್ನು ಕೆಡಿಸಿದ ಸ್ಟಕ್ಸ್‌ನೆಟ್ ತೈವಾನಿನ ಎರಡು ಹೆಸರಾಂತ ಕಂಪೆನಿಗಳಿಂದ ಕದ್ದ ಕೀಲಿಗಳಿಂದ ರುಜು ಹಾಕಿಕೊಂಡು ಓಡಾಡಿತು. 2017ರ ಆಗಸ್ಟಿನಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ 5.33ನೆಯ ಆವೃತ್ತಿ, ಅಸಲಿ ಮನೆಯಿಂದ, ಅಸಲಿ ರುಜುವಿನೊಡನೆ, ಒಳಗೆ ವಿಷವಿಟ್ಟುಕೊಂಡೇ ಹೊರಬಂತು. ಪತ್ತೆಯಾಗುವಷ್ಟರಲ್ಲಿ 22 ಲಕ್ಷ 70 ಸಾವಿರ ಯಂತ್ರಗಳನ್ನು ಸೇರಿತ್ತು. ಮೂಲ ತಯಾರಿಕೆಯ ಕೊಠಡಿಗೇ ಕಳ್ಳರು ನುಗ್ಗಿದ್ದರು. ಮನೆ, ರುಜು, ಬೆರಳಚ್ಚು ಮೂರೂ ಸರಿಯಿದ್ದಾಗ ಸಾಮಾನ್ಯ ಗೃಹಸ್ಥನಿಗೆ ಬೇರೆ ಉಪಾಯವೇನುಂಟು? ಹೊಸ ಆವೃತ್ತಿ ಬಂದ ದಿನವೇ ಹಾತೊರೆಯದೆ ನಾಲ್ಕು ದಿನ ತಾಳುವುದು, ಮುಖ್ಯವಾದುದರ ಪ್ರತಿಯೊಂದನ್ನು ಯಂತ್ರದಿಂದ ಬಿಡಿಸಿ ಬೀರುವಿನಲ್ಲಿಡುವುದು.

ಅನುಮಾನವಿದ್ದೂ ನಡೆಸಿ ನೋಡಲೇಬೇಕಾದವರಿಗೆ ವಿಂಡೋಸಿನ ಪ್ರೋ ಆವೃತ್ತಿಯಲ್ಲಿ 2019ರಿಂದ ‘ಸ್ಯಾಂಡ್‌ಬಾಕ್ಸ್’ ಎಂಬ ತಾತ್ಕಾಲಿಕ ಯಂತ್ರ ದೊರೆಯುತ್ತದೆ. ಯಂತ್ರದೊಳಗೊಂದು ಯಂತ್ರ, ಮುಚ್ಚಿದೊಡನೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಮನೆಬಳಕೆಯ ಹೋಮ್ ಆವೃತ್ತಿಯಲ್ಲಿ ಅದಿಲ್ಲ. ಇಂಥ ಕಟ್ಟೆಯೊಳಗಿದ್ದೇನೆಂದು ಅರಿತು ಸಂಭಾವಿತನಂತೆ ನಟಿಸುವ ಕಡತಗಳೂ ಉಂಟಾದುದರಿಂದ ಅಲ್ಲಿ ಏನೂ ಆಗಲಿಲ್ಲವೆಂಬುದು ಪ್ರಮಾಣವಾಗದು. ಇನ್ನು, ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಬಿಟ್ಟಿ ಕೊಡುತ್ತೇವೆಂದು ಹೇಳಿ, ‘ಮೊದಲು ವೈರಸ್ ನಿರೋಧಕವನ್ನು ಆರಿಸಿ’ ಎಂದು ಸೂಚನೆ ಬರೆದಿರುವ ಕಡತಗಳ ವಿಷಯದಲ್ಲಿ ಯಾವ ಪರೀಕ್ಷೆಯೂ ಬೇಡ. ಮನೆಗೆ ಬರುವ ಮೊದಲು ನಾಯಿಯನ್ನು ಕಟ್ಟಿಹಾಕಿರೆಂದು ಹೇಳಿಕಳುಹಿಸುವ ಅತಿಥಿ ಎಂಥವನು?

ರಾಯರ ಮನೆಯಲ್ಲಿ ಆ ರಾತ್ರಿ ಎಂಟರವರೆಗೆ ಕೆಲಸ ಹಿಡಿಯಿತು. ಮೊದಲು ಅವರ ಫೋನಿನಿಂದ ಬ್ಯಾಂಕಿನ ಮತ್ತು ಮಿಂಚಂಚೆಯ ಪಾಸ್‌ವರ್ಡುಗಳನ್ನು ಬದಲಿಸಿದೆವು. ಅನುಮಾನವಿರುವ ಯಂತ್ರದಿಂದಲೇ ಬದಲಿಸಿದರೆ ಹೊಸದೂ ಕಳ್ಳನಿಗೆ ತಿಳಿದೀತು. ಖಾತೆಯಲ್ಲಿ ಏನೂ ಹೆಚ್ಚುಕಡಮೆಯಾಗಿರಲಿಲ್ಲ. ಆಗಿದ್ದರೆ ಕ್ಷಣ ತಡಮಾಡದೆ ಬ್ಯಾಂಕಿಗೂ, ಸೈಬರ್ ವಂಚನೆಯ ದೂರಿಗಾಗಿಯೇ ಇರುವ 1930 ಎಂಬ ಸಂಖ್ಯೆಗೂ ಫೋನು ಮಾಡಬೇಕಾಗುತ್ತಿತ್ತು. ಅನಂತರ ವಿಂಡೋಸಿನ ಡಿಫೆಂಡರ್‌ನಲ್ಲಿರುವ ‘ಆಫ್‌ಲೈನ್’ ಪರೀಕ್ಷೆಯನ್ನು ಹಚ್ಚಿದೆವು. ಯಂತ್ರವನ್ನು ಮುಚ್ಚಿ, ವಿಂಡೋಸ್ ಏಳುವುದಕ್ಕೆ ಮೊದಲೇ ಅದು ಒಳಗೆಲ್ಲ ತಡಕಿ ನೋಡುತ್ತದೆ. ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಕಡತ ಕೂತಲ್ಲೇ ಸಿಕ್ಕಿಬಿತ್ತು. ಬೇರೆ ಯಾವ ಜಾಗದಲ್ಲೂ ಅದರ ಹೆಜ್ಜೆಗುರುತಿರಲಿಲ್ಲ. ಸಣ್ಣಕ್ಷರವನ್ನು ಒತ್ತಿರಲಿಲ್ಲವೆಂಬ ರಾಯರ ನೆನಪು ಸರಿಯೆಂದೇ ತೋರಿತು.

ಜಾಲದ ತಂತಿಯನ್ನು ಮತ್ತೆ ಸಿಕ್ಕಿಸಿದೆವು. ಈ ಸಲ ರಾಯರು ಹುಡುಕಲಿಲ್ಲ. ವಿಳಾಸವನ್ನು ತಾವೇ ಒಂದೊಂದಕ್ಷರವಾಗಿ ಬರೆದರು. ಇಳಿದ ಕಡತದ ರುಜು ನೋಡಿದರು. ಅರವತ್ತನಾಲ್ಕು ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಶ್ರೀಮತಿಯವರು ನನ್ನ ಫೋನು ಹಿಡಿದು ಒಂದೊಂದಕ್ಕೂ ‘ಹೂಂ’ ಎಂದರು. ನಲವತ್ತನೆಯ ಅಕ್ಷರದ ಹತ್ತಿರ ಇಬ್ಬರಿಗೂ ತಪ್ಪಿ, ಮೊದಲಿನಿಂದ ಓದಬೇಕಾಯಿತು.

ತಟ್ಟೆ ಗಿರ್ರನೆ ತಿರುಗಿತು. ಬಣ್ಣ ಮಾಸಿದ ಛತ್ರ, ನಾದಸ್ವರ, ನಡುನಡುವೆ ಗೆರೆಗಳು. ಬಾಸಿಂಗ ಕಟ್ಟಿಕೊಂಡ ತೆಳ್ಳನೆಯ ಯುವಕನೊಬ್ಬ ಕ್ಯಾಮರಾದ ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ಅವನ ಹಿಂದಿನಿಂದ, ಹಸಿರು ರೇಷ್ಮೆಸೀರೆಯುಟ್ಟ ವೃದ್ಧೆಯೊಬ್ಬರು ಹರಿವಾಣ ಹಿಡಿದು ಬಂದು, ಕ್ಯಾಮರಾವನ್ನು ಕಂಡು ನಾಚಿ ಸೆರಗು ಸರಿಪಡಿಸಿಕೊಂಡರು.

“ಅಮ್ಮ,” ಎಂದರು ರಾಯರು. ಸ್ವಲ್ಪ ಹೊತ್ತಿನ ಮೇಲೆ, “ಇದನ್ನು ಇಲ್ಲಿಯೇ ನಿಲ್ಲಿಸುವುದಕ್ಕೆ ಯಾವುದನ್ನು ಒತ್ತಬೇಕು?” ಎಂದು ಕೇಳಿದರು.

ತೋರಿಸಿಕೊಟ್ಟು ಮನೆಗೆ ಬಂದೆ.